ರೈಫಲ್ ಸೈಟ್: ತಿರುಗಿಸಬೇಕೋ, ಬಿಡಬೇಕೋ?

ಕಳೆದ ಎನ್‌ಸಿಸಿ ಶಿಬಿರದಲ್ಲಿ ನಾನು ಒಂದೇ ವಿಷಯದಲ್ಲಿ ಎರಡು ಸಲ ತಪ್ಪಿದೆ. ಮೊದಲ ಸಲ ತಪ್ಪು ನನ್ನದಾಗಿತ್ತು, ರೈಫಲ್ ಮೇಲೆ ಹೊರಿಸಿದೆ. ಎರಡನೇ ಸಲ ತಪ್ಪು ರೈಫಲ್‌ನದಾಗಿತ್ತು, ನನ್ನ ಮೇಲೆ ಹೊತ್ತುಕೊಂಡೆ. ಮೊದಲನೆಯದರಿಂದ ಎಲ್ಲರೂ ನಕ್ಕರು, ಅಷ್ಟೇ. ಎರಡನೆಯದರಿಂದ ಫೈರಿಂಗ್ ತಂಡದಲ್ಲಿ ಸಿಗಬಹುದಾಗಿದ್ದ ಜಾಗ ಕೈತಪ್ಪಿತು. ಎರಡೂ ಸಲ ಪ್ರಶ್ನೆ ಇದ್ದದ್ದು ರೈಫಲ್ ಮೇಲಿನ ಒಂದು ಸಣ್ಣ ಲೋಹದ ತುಂಡಿನ ಬಗ್ಗೆ. ಅದೇ ಸೈಟ್. ಅದನ್ನು ಬೇಕಾದಾಗ ಸರಿಸಲು ಬರುವಂತೆ ಮಾಡುವುದು ಒಳ್ಳೆಯದೋ, ಒಂದೇ ಕಡೆ ಭದ್ರ ಮಾಡಿಬಿಡುವುದು ಒಳ್ಳೆಯದೋ ಎಂಬುದಕ್ಕೆ ನೂರು ವರ್ಷಗಳಿಂದ ಬೇರೆ ಬೇರೆ ಸೈನ್ಯಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಶಿಬಿರದಿಂದ ಬಂದ ಮೇಲೆ ಓದಿದ್ದನ್ನೂ ಅಲ್ಲಿ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಎನ್‌ಸಿಸಿಯಲ್ಲಿ ಇಲ್ಲದ ಸ್ನೇಹಿತರೇ ಹೆಚ್ಚು ಇರುವುದರಿಂದ ಮೊದಲಿನಿಂದ ಶುರು ಮಾಡುತ್ತೇನೆ.

ರೈಫಲ್‌ನ ಮುಂತುದಿಯಲ್ಲಿ ನಿಂತಿರುವ ಸಣ್ಣ ಕಡ್ಡಿ ಫೋರ್‌ಸೈಟ್. ಕಣ್ಣಿನ ಹತ್ತಿರ, ಇಂಗ್ಲಿಷ್‌ನ ಯು ಅಕ್ಷರದ ಹಾಗೆ ಕೊರೆದಿರುವುದೋ, ಸಣ್ಣ ತೂತು ಇರುವುದೋ ಬ್ಯಾಕ್‌ಸೈಟ್. ಕಣ್ಣು, ಬ್ಯಾಕ್‌ಸೈಟ್, ಫೋರ್‌ಸೈಟ್‌ನ ತುದಿ, ಗುರಿ, ಈ ನಾಲ್ಕೂ ಒಂದೇ ಗೆರೆಯಲ್ಲಿ ಬರಬೇಕು. ಇದರಲ್ಲಿ ದೂರದರ್ಶಕದ ಗಾಜು ಏನೂ ಇಲ್ಲ, ಬರೀ ಲೋಹ. ಅದಕ್ಕೇ ಐರನ್ ಸೈಟ್ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಬಂದೂಕಿನ ಮುಂತುದಿಯ ಆ ಕಡ್ಡಿಗೆ ಮಖ್ಖಿ ಎನ್ನುತ್ತಾರೆ, ಅಂದರೆ ನೊಣ. ನಳಿಗೆಯ ತುದಿಯಲ್ಲಿ ನೊಣ ಕೂತ ಹಾಗೇ ಕಾಣುತ್ತದೆ. ಗುರಿ ಹಿಡಿಯುವುದಕ್ಕೆ ಶಿಬಿರದಲ್ಲಿ 'ಶಿಸ್ತ್ ಲೇನಾ' ಎಂಬ ಮಾತಿದೆ. ಉಸ್ತಾದ್ 'ಶಿಸ್ತ್' ಎಂದಾಗ ಕನ್ನಡ ಮನೆಮಾತಿನ ನನ್ನ ಗೆಳತಿ ಅದನ್ನು ನಮ್ಮ ಕನ್ನಡದ ಶಿಸ್ತು ಎಂದುಕೊಂಡು, ಮಲಗಿದ ಕಡೆಯೇ ಕಾಲು ಜೋಡಿಸಿ ಮೈ ನೇರ ಮಾಡಿಕೊಂಡಳು. ಆಮೇಲೆ ಅವಳ ಗುರಿ ನನ್ನದಕ್ಕಿಂತ ಚೆನ್ನಾಗಿ ಬಂತು ಎಂಬುದನ್ನೂ ಹೇಳಬೇಕು.

ಈಗ ಸ್ವಲ್ಪ ಲೆಕ್ಕ. ಹತ್ತನೇ ತರಗತಿಯ ಸಮರೂಪ ತ್ರಿಭುಜ ಯಾರಿಗಾದರೂ ನೆನಪಿದ್ದರೆ ಸಾಕು. ಎರಡು ಸೈಟ್‌ಗಳ ನಡುವಿನ ಅಂತರ ಅರ್ಧ ಮೀಟರ್ ಎಂದು ಇಟ್ಟುಕೊಳ್ಳೋಣ. ಗುರಿ 25 ಮೀಟರ್ ದೂರದಲ್ಲಿದೆ. 25ನ್ನು ಅರ್ಧದಿಂದ ಭಾಗಿಸಿದರೆ 50. ಅಂದರೆ ಸೈಟ್ 1 ಮಿ.ಮೀ. ಅತ್ತ ಸರಿದರೆ ಗುಂಡು ಗುರಿಯಲ್ಲಿ 50 ಮಿ.ಮೀ., ಅಂದರೆ 5 ಸೆಂ.ಮೀ. ಸರಿಯುತ್ತದೆ. ಅದೇ ಗುರಿ 300 ಮೀಟರ್ ದೂರದಲ್ಲಿದ್ದರೆ 600 ಪಟ್ಟು. 1 ಮಿ.ಮೀ. ತಪ್ಪು 60 ಸೆಂ.ಮೀ. ಆಗುತ್ತದೆ. ಸಾಲದ ಮೇಲೆ ಬಡ್ಡಿ ಬೆಳೆದ ಹಾಗೆ, ದೂರ ಹೆಚ್ಚಿದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ. ಎರಡು ಸೈಟ್‌ಗಳ ನಡುವಿನ ಅಂತರ ಹೆಚ್ಚಿಸಿದರೆ ಈ ಪಟ್ಟು ಕಡಿಮೆಯಾಗುತ್ತದೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಎಡ ಬಲದ ಮಾತಾಯಿತು. ಮೇಲೆ ಕೆಳಗಿನದು ಇನ್ನೊಂದು. ನಳಿಗೆಯಿಂದ ಹೊರಟ ಕ್ಷಣದಿಂದ ಗುಂಡು ಬೀಳಲು ಶುರುವಾಗುತ್ತದೆ. ನಾವು ಎನ್‌ಸಿಸಿಯಲ್ಲಿ ಹಾರಿಸುವ ಪಾಯಿಂಟ್ ಟೂ ಟೂ ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. 25 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಹದಿಮೂರನೇ ಒಂದು ಭಾಗ ಸಾಕು. ಅಷ್ಟರಲ್ಲೇ ಅದು 3 ಸೆಂ.ಮೀ. ಹತ್ತಿರ ಹತ್ತಿರ ಕೆಳಗೆ ಬಂದಿರುತ್ತದೆ. ದೂರ ಎರಡರಷ್ಟಾದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಬೀಳುವುದು ನಾಲ್ಕರಷ್ಟಾಗುತ್ತದೆ. ಹಾಗಾಗಿ ನಳಿಗೆ ಸ್ವಲ್ಪ ಮೇಲಕ್ಕೆ ಮುಖ ಮಾಡಿರಬೇಕು. ಎಷ್ಟು ಮೇಲಕ್ಕೆ ಎಂಬುದನ್ನು ಬ್ಯಾಕ್‌ಸೈಟ್‌ನ ಎತ್ತರ ನಿರ್ಧರಿಸುತ್ತದೆ. ಒಂದು ದೂರಕ್ಕೆ ಸರಿಯಾದ ಎತ್ತರ ಇನ್ನೊಂದು ದೂರಕ್ಕೆ ಸರಿಯಲ್ಲ. ಸೈಟ್ ಹೊಂದಿಸಲು ಬರಬೇಕು ಎನ್ನುವವರ ಮೊದಲ ವಾದವೇ ಇದು, ಮತ್ತು ಇದು ಸರಿಯಾದ ವಾದ.

ನನ್ನ ಮೊದಲ ತಪ್ಪಿಗೆ ಬರುತ್ತೇನೆ. ಮೊದಲ ದಿನ ಐದು ಗುಂಡು ಕೊಟ್ಟರು. ಮಲಗಿ, ಉಸಿರು ಹಿಡಿದು, ಐದೂ ಹಾರಿಸಿದೆ. ಗುರಿಯ ಹಾಳೆ ತಂದು ನೋಡಿದರೆ ತೂತುಗಳು ಒಂದು ಅಂಗೈಯಗಲ ಹರಡಿದ್ದವು, ಹೆಚ್ಚಿನವು ನಡುವಿಗಿಂತ ಕೆಳಗೆ. "ಉಸ್ತಾದ್, ಈ ರೈಫಲ್ ಕೆಳಗೆ ಹೊಡೆಯುತ್ತದೆ, ಬ್ಯಾಕ್‌ಸೈಟ್ ಸ್ವಲ್ಪ ಎತ್ತರಿಸಿ" ಎಂದೆ. ಉಸ್ತಾದ್ ಏನೂ ಹೇಳದೆ ಅದೇ ರೈಫಲ್ಲನ್ನು ನನ್ನ ಪಕ್ಕದವಳಿಗೆ ಕೊಟ್ಟರು. ಅವಳ ಐದು ತೂತುಗಳನ್ನೂ ಟೀ ಗ್ಲಾಸಿನ ಬಾಯಿಂದ ಮುಚ್ಚಬಹುದಿತ್ತು, ಅದೂ ಸರಿಯಾಗಿ ನಡುವಿನಲ್ಲಿ. ಆಮೇಲೆ ಉಸ್ತಾದ್ ಖಾಲಿ ರೈಫಲ್ಲನ್ನು ನನ್ನ ಕೈಗೆ ಕೊಟ್ಟು, ನಳಿಗೆಯ ತುದಿಯ ಹತ್ತಿರ ಒಂದು ರೂಪಾಯಿ ನಾಣ್ಯ ಇಟ್ಟು, ಟ್ರಿಗರ್ ಒತ್ತು ಎಂದರು. ಒತ್ತಿದೆ. ನಾಣ್ಯ ನೆಲಕ್ಕೆ ಬಿತ್ತು. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಬಿತ್ತು. ಗುಂಡಿನ ಸದ್ದಿಗೆ ಹೆದರಿ, ಅದು ಬರುವ ಮೊದಲೇ ನಾನು ನಳಿಗೆಯನ್ನು ಕೆಳಕ್ಕೆ ತಳ್ಳುತ್ತಿದ್ದೆ. ಎಲ್ಲರೂ ನಕ್ಕದ್ದು ಆಗಲೇ.

ಉಸ್ತಾದ್ ನನ್ನ ಮಾತು ಕೇಳಿ ಸೈಟ್ ಎತ್ತರಿಸಿದ್ದರೆ ಏನಾಗುತ್ತಿತ್ತು? ಹೆದರಿ ತಳ್ಳಿದ ಗುಂಡುಗಳು ನಡುವಿಗೆ ಬಂದು, ಸರಿಯಾಗಿ ಹಾರಿಸಿದವು ಮೇಲಕ್ಕೆ ಹೋಗುತ್ತಿದ್ದವು. ಅಕೌಂಟೆನ್ಸಿ ಓದುವವರಿಗೆ ಇದು ಚೆನ್ನಾಗಿ ಗೊತ್ತು. ಟ್ರಯಲ್ ಬ್ಯಾಲೆನ್ಸ್‌ನ ಎರಡು ಕಡೆ ಕೂಡಿ ಬರದಿದ್ದರೆ, ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಸಮ ಮಾಡುತ್ತೇವೆ. ಅದು ತಾತ್ಕಾಲಿಕ ಎಂಬ ಷರತ್ತಿನ ಮೇಲೆ. ತಪ್ಪು ಎಲ್ಲಿದೆ ಎಂದು ಹುಡುಕಿ ಆ ಖಾತೆಯನ್ನು ಮುಚ್ಚಬೇಕು. ಹುಡುಕದೆ ಬಿಟ್ಟರೆ ಪಟ್ಟಿ ನೋಡಲು ಅಂದವಾಗಿರುತ್ತದೆ, ಲೆಡ್ಜರ್ ಒಳಗೆ ತಪ್ಪು ಹಾಗೇ ಇರುತ್ತದೆ. ನಾನು ಉಸ್ತಾದರಿಂದ ಕೇಳಿದ್ದು ನನ್ನ ಹೆಸರಿನಲ್ಲಿ ಒಂದು ಸಸ್ಪೆನ್ಸ್ ಖಾತೆ ತೆರೆಯಲು. ಹೊಂದಿಸಲು ಬರುವ ಸೈಟ್‌ನ ಮೊದಲ ತೊಂದರೆ ಇದು. ಬೆರಳಿಗೆ ಸಿಗುವ ಹಾಗಿದ್ದರೆ, ಹಾರಿಸುವವರು ತಮ್ಮನ್ನು ತಿದ್ದಿಕೊಳ್ಳುವ ಬದಲು ಅದನ್ನು ತಿರುಗಿಸುತ್ತಾರೆ. ಒಂದು ಗುಂಡು ಎಡಕ್ಕೆ ಹೋಯಿತೆಂದು ಬಲಕ್ಕೆ, ಮುಂದಿನದು ಬಲಕ್ಕೆ ಹೋಯಿತೆಂದು ಎಡಕ್ಕೆ. ಹೀಗೆ ಅಟ್ಟಿಸಿಕೊಂಡು ಹೋದರೆ ಕೊನೆಗೆ ಸೈಟ್ ಎಲ್ಲಿತ್ತು ಎಂಬುದೇ ಮರೆತುಹೋಗುತ್ತದೆ.

ಆದ್ದರಿಂದ ನಿಯಮ ಸರಳ. ಒಂದು ಗುಂಡಿನಿಂದ ಏನನ್ನೂ ತೀರ್ಮಾನಿಸಬಾರದು. ಮೂರೋ ಐದೋ ಹಾರಿಸಿ ಗುಂಪು ನೋಡಬೇಕು. ಗುಂಪು ಹರಡಿದ್ದರೆ ಮೊದಲು ಅನುಮಾನ ಹಾರಿಸಿದವರ ಮೇಲೆ. ಗುಂಪು ಒತ್ತಾಗಿದ್ದು, ಆದರೆ ನಡುವಿನಿಂದ ದೂರದಲ್ಲಿ ಬಿದ್ದಿದ್ದರೆ ಆಗ ಸೈಟ್ ಕಡೆ ನೋಡಬೇಕು. ಬ್ಯಾಕ್‌ಸೈಟ್ ಆದರೆ ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಬೇಕು. ಫೋರ್‌ಸೈಟ್ ಆದರೆ ತಿರುಗು ಮುರುಗು: ಗುಂಡು ಬಲಕ್ಕೆ ಬೀಳುತ್ತಿದ್ದರೆ ಫೋರ್‌ಸೈಟ್ಟನ್ನೂ ಬಲಕ್ಕೇ ಸರಿಸಬೇಕು. ಕೇಳಲು ವಿಚಿತ್ರ ಅನ್ನಿಸುತ್ತದೆ, ಆದರೆ ಎರಡು ಪೆನ್ಸಿಲ್‌ಗಳನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದರೆ ತಕ್ಷಣ ತಿಳಿಯುತ್ತದೆ. ಹೀಗೆ ಗುಂಪನ್ನು ನಡುವಿಗೆ ತರುವುದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ.

ಬೆಳಕಿನದೂ ಒಂದು ಆಟವಿದೆ. ಬಿಸಿಲು ಬಲಗಡೆಯಿಂದ ಬಿದ್ದಾಗ ಫೋರ್‌ಸೈಟ್‌ನ ಬಲ ಮೈ ಹೊಳೆಯುತ್ತದೆ. ಕಣ್ಣು ಆ ಹೊಳಪನ್ನೇ ನಡುವೆಂದು ತಿಳಿಯುತ್ತದೆ, ಗುಂಡು ಎಡಕ್ಕೆ ಹೋಗುತ್ತದೆ. ಅದಕ್ಕೆ ಸೈಟ್ ತಿರುಗಿಸಿದವರಿಗೆ ಮೋಡ ಬಂದ ಕೂಡಲೇ ಫಜೀತಿ. ಹಳೆಯ ಗುರಿಕಾರರು ಇದಕ್ಕೆ ದೀಪದ ಮಸಿ ಹಿಡಿದು ಫೋರ್‌ಸೈಟ್ ಕಪ್ಪಾಗಿಸಿಕೊಳ್ಳುತ್ತಿದ್ದರು. ಖರ್ಚಿಲ್ಲದ ಉಪಾಯ.

ಸೈನ್ಯಗಳ ಕಥೆ ಇನ್ನೂ ಸ್ವಾರಸ್ಯ. ಪೊಲೀಸರ ಕೈಯಲ್ಲಿ ನಮ್ಮ ಹಿರಿಯರು ನೋಡಿದ ತ್ರೀ ನಾಟ್ ತ್ರೀ ರೈಫಲ್‌ನ ನಿಜವಾದ ಹೆಸರು ಲೀ-ಎನ್‌ಫೀಲ್ಡ್. ಅದರ ಮಾರ್ಕ್ 3 ಮಾದರಿ ಬ್ರಿಟಿಷ್ ಸೇನೆಗೆ ಬಂದದ್ದು 1907ರಲ್ಲಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ದೂರದಿಂದ ಬಂದ ಗುಂಡುಗಳ ಪೆಟ್ಟು ತಿಂದ ನೆನಪು ಅವರಿಗೆ ಇನ್ನೂ ಹಸಿಯಾಗಿತ್ತು. ಹಾಗಾಗಿ ಬ್ಯಾಕ್‌ಸೈಟ್‌ನಲ್ಲಿ 200ರಿಂದ 2000 ಗಜದವರೆಗೆ ಗುರುತು. ಎಡ ಬಲ ಸರಿಸಲು ಬೇರೆ ತಿರುಪು. ಅದೂ ಸಾಲದೆಂದು 2000 ಗಜದ ಆಚೆಗೆ ಗುಂಪಾಗಿ ಹಾರಿಸಲು ರೈಫಲ್‌ನ ಪಕ್ಕಕ್ಕೆ ಇನ್ನೊಂದು ಸೈಟ್! 2000 ಗಜ ಎಂದರೆ ಸುಮಾರು 1.8 ಕಿಲೋಮೀಟರ್. ಅಷ್ಟು ದೂರದ ಮನುಷ್ಯ ಬರಿಗಣ್ಣಿಗೆ ಒಂದು ಚುಕ್ಕಿ.

ಮೊದಲ ಮಹಾಯುದ್ಧ ಶುರುವಾಯಿತು, ಎರಡೂ ಕಡೆಯವರು ಕಂದಕ ತೋಡಿ ಕೂತರು. ಎದುರಾಳಿ ಇದ್ದದ್ದು ಎಷ್ಟೋ ಕಡೆ ಕೂಗಳತೆಯಲ್ಲಿ. ಲಕ್ಷಗಟ್ಟಲೆ ರೈಫಲ್ ಬೇಕಾಗಿತ್ತು, ಕಾರ್ಖಾನೆಯಲ್ಲಿ ಸಮಯ ಇರಲಿಲ್ಲ. 1916ರಲ್ಲಿ ಬಂದ ಮಾರ್ಕ್ 3 ಸ್ಟಾರ್ ಮಾದರಿಯಲ್ಲಿ ಪಕ್ಕದ ಸೈಟ್ ತೆಗೆದರು, ಎಡ ಬಲದ ತಿರುಪನ್ನೂ ತೆಗೆದರು. ದೂರದ ಹೊಂದಾಣಿಕೆ ಮಾತ್ರ ಸೈನಿಕನಿಗೆ ಉಳಿಯಿತು. ಎಡ ಬಲ ತಪ್ಪಿದ್ದರೆ ಆಯುಧ ರಿಪೇರಿ ಮಾಡುವವನು ತನ್ನ ಸಲಕರಣೆಯಿಂದ ಫೋರ್‌ಸೈಟ್ಟನ್ನು ಸರಿಸಿ ಕೊಡುತ್ತಿದ್ದ. ಕಾಸ್ಟಿಂಗ್ ದೃಷ್ಟಿಯಿಂದ ನೋಡಿದರೆ ಇದು ಉಳಿತಾಯದ ತೀರ್ಮಾನ. ಆದರೆ ನನಗೆ ಇದರಲ್ಲಿ ಬೇರೆಯದೇ ಕಾಣುತ್ತದೆ. ಹೊಂದಿಸುವ ಅಧಿಕಾರವನ್ನು ರದ್ದು ಮಾಡಲಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವರ್ಗಾಯಿಸಿದರು.

ಎದುರು ಕಡೆಯ ಜರ್ಮನ್ನರ ಸಮಸ್ಯೆ ಇನ್ನೂ ತಮಾಷೆ. ಅವರ ಗೆವೆಯರ್ 98 ಎಂಬ ಮೌಸರ್ ರೈಫಲ್‌ನ ಬ್ಯಾಕ್‌ಸೈಟ್ ದೊಡ್ಡ ಇಳಿಜಾರಿನ ಹಾಗೆ ಬಾಗಿದ ಅಂದವಾದ ಯಂತ್ರ. 2000 ಮೀಟರ್‌ವರೆಗೂ ಏರುತ್ತದೆ. ಆದರೆ ಅದು ಇಳಿಯುವ ಕನಿಷ್ಠ ದೂರ 400 ಮೀಟರ್! 100 ಮೀಟರ್ ದೂರದ ಕಂದಕಕ್ಕೆ ಗುರಿ ಹಿಡಿದರೆ ಗುಂಡು ಮೇಲೆ ಹೋಗುತ್ತದೆ. ಸೈನಿಕ ಬೇಕೆಂದೇ ಕೆಳಗೆ ಗುರಿ ಹಿಡಿಯಬೇಕು. ಹೊಂದಿಸಲು ಬರುತ್ತದೆ ಎಂದರೆ ಬೇಕಾದಷ್ಟು ಹೊಂದಿಸಲು ಬರುತ್ತದೆ ಎಂದಲ್ಲ. ಆಮೇಲಿನ ಕಾರ್ 98ಕೆ ಮಾದರಿಯಲ್ಲಿ ಗುರುತು 100 ಮೀಟರ್‌ನಿಂದ ಶುರುವಾಯಿತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಇದೇ ಪಾಠವನ್ನು ಮತ್ತೊಮ್ಮೆ ಓದಿದರು. ನಂಬರ್ 4 ಎಂಬ ಹೊಸ ಲೀ-ಎನ್‌ಫೀಲ್ಡ್‌ನಲ್ಲಿ ಬ್ಯಾಕ್‌ಸೈಟ್ಟನ್ನು ಕಣ್ಣಿನ ಹತ್ತಿರಕ್ಕೆ ತಂದರು. ಎರಡು ಸೈಟ್‌ಗಳ ಅಂತರ ಹೆಚ್ಚಿತು, ನಮ್ಮ ತ್ರಿಭುಜದ ಲೆಕ್ಕದಂತೆ ತಪ್ಪಿನ ಪಟ್ಟು ಕಡಿಮೆಯಾಯಿತು. 200ರಿಂದ 1300 ಗಜದವರೆಗೆ ಕ್ಲಿಕ್ ಕ್ಲಿಕ್ ಎಂದು ಏರುವ ಒಳ್ಳೆಯ ಸೈಟ್. ಯುದ್ಧ ಬಿರುಸಾದಾಗ ಅದರ ಜಾಗಕ್ಕೆ ಎರಡೇ ತೂತಿನ, ಮಡಚುವ ಸೈಟ್ ಬಂತು: ಹೀಗೆ ಮಡಚಿದರೆ 300 ಗಜ, ಹಾಗೆ ಮಡಚಿದರೆ 600. ನಡುವೆ ಏನೂ ಇಲ್ಲ. 450 ಗಜಕ್ಕೆ ಏನು ಮಾಡಬೇಕು? ಸ್ವಲ್ಪ ಮೇಲೆಯೋ ಕೆಳಗೆಯೋ ಗುರಿ ಹಿಡಿಯಬೇಕು. ಆದರೆ ಕತ್ತಲಲ್ಲಿ, ಕೆಸರಲ್ಲಿ, ಭಯದಲ್ಲಿ ಯಾವ ಗುರುತಿಗೆ ಇಟ್ಟಿದ್ದೇನೆ ಎಂಬ ಗೊಂದಲ ಮಾತ್ರ ಇಲ್ಲ. ರಷ್ಯನ್ನರ ಎಕೆ-47 ನಡುದಾರಿ ಹಿಡಿಯಿತು. 800 ಮೀಟರ್‌ವರೆಗೂ ಗುರುತುಗಳಿವೆ. ಜೊತೆಗೆ ಎಲ್ಲಕ್ಕಿಂತ ಹಿಂದೆ ರಷ್ಯನ್ ಲಿಪಿಯ 'ಪ' ಅಕ್ಷರದ ಒಂದು ಗುರುತು. ಅದು ಸುಮಾರು 300 ಮೀಟರ್‌ಗೆ ಸರಿಹೊಂದುತ್ತದೆ. ಅಲ್ಲಿ ಇಟ್ಟರೆ ಹತ್ತಿರದ ಯಾವ ದೂರಕ್ಕೂ ಮತ್ತೆ ಮುಟ್ಟಬೇಕಾಗಿಲ್ಲ.

ನಮ್ಮ ದೇಶದ ಉದಾಹರಣೆಯೂ ಇದೆ. ಪಶ್ಚಿಮ ಬಂಗಾಳದ ಇಚ್ಛಾಪುರದ ರೈಫಲ್ ಕಾರ್ಖಾನೆ 1960ರ ದಶಕದಲ್ಲಿ ಹಳೆಯ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ಹೊಸ 7.62 ಮಿ.ಮೀ. ಗುಂಡಿಗೆ ಹೊಂದಿಸಿ 2ಎ ಎಂಬ ರೈಫಲ್ ಮಾಡಿತು. ಮೊದಲು ಅದರ ಬ್ಯಾಕ್‌ಸೈಟ್‌ನಲ್ಲಿ ಹಳೆಯ ಪದ್ಧತಿಯಂತೆ 2000ದವರೆಗೆ ಗುರುತು ಇತ್ತು. ಮುಂದಿನ 2ಎ1 ಮಾದರಿಯಲ್ಲಿ ಅದನ್ನು 800 ಮೀಟರ್‌ಗೆ ಇಳಿಸಿದರು. ಯಾರೂ ಬಳಸದ ಗುರುತುಗಳನ್ನು ಹೊತ್ತುಕೊಂಡು ತಿರುಗುವುದರಲ್ಲಿ ಅರ್ಥವಿಲ್ಲ ಎಂದು ಒಪ್ಪಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ಎಲ್ಲರೂ ಒಂದೇ ದಿಕ್ಕಿಗೆ ಹೋದರೆಂದು ತಿಳಿಯಬೇಡಿ. ಅಮೆರಿಕದ ಎಂ16ಎ1ನಲ್ಲಿ ಸೈಟ್ ಸರಿಸಲು ಗುಂಡಿನ ಚೂಪು ತುದಿಯಿಂದ ಒಂದು ಸಣ್ಣ ಮೊಳೆಯನ್ನು ಒತ್ತಬೇಕಿತ್ತು. ಸುಮ್ಮನೆ ಕೈಯಾಡಿಸಿದರೆ ಆಗುತ್ತಿರಲಿಲ್ಲ. 1980ರ ದಶಕದಲ್ಲಿ ಅಲ್ಲಿನ ಮರೀನ್ ಪಡೆ ಹಟ ಹಿಡಿದು ಎಂ16ಎ2ನಲ್ಲಿ ಬೆರಳಿನಿಂದಲೇ ತಿರುಗುವ, 300ರಿಂದ 800 ಮೀಟರ್‌ವರೆಗಿನ ಸೈಟ್ ಹಾಕಿಸಿತು. ಮರೀನ್ ಪಡೆಯಲ್ಲಿ ದೂರದ ಗುರಿಯ ಅಭ್ಯಾಸಕ್ಕೆ ಬಹಳ ಬೆಲೆ. ಆ ಮೈದಾನದಲ್ಲಿ ದೂರ ಗೊತ್ತಿರುತ್ತದೆ, ಸಮಯ ಇರುತ್ತದೆ. ಯುದ್ಧಕ್ಕೆ ಇದು ಅತಿಯಾಯಿತು ಎಂದು ಭೂಸೇನೆಯ ಒಳಗೇ ಟೀಕೆ ಬಂತು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತು ನೋಡಿದರೆ ಸರಿಯೇ.

ಹೊಂದಿಸುವ ಸೈಟ್‌ನ ಗುಣ ದೋಷ ಎರಡನ್ನೂ ಒಂದೇ ದಿನದಲ್ಲಿ ನೋಡಬೇಕಾದರೆ 2008ರ ಆಗಸ್ಟ್ 11ಕ್ಕೆ ಹೋಗಬೇಕು. ಬೀಜಿಂಗ್ ಒಲಿಂಪಿಕ್ಸ್, 10 ಮೀಟರ್ ಏರ್ ರೈಫಲ್ ಫೈನಲ್. ಈ ಸ್ಪರ್ಧೆಯಲ್ಲೂ ದೂರದರ್ಶಕ ಇಲ್ಲ, ತೂತಿನ ಲೋಹದ ಸೈಟ್ ಮಾತ್ರ. ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿ.ಮೀ. ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ಅಭಿನವ್ ಬಿಂದ್ರಾ ಹಾರಿಸಿದಾಗ ನಾಲ್ಕರ ಹತ್ತಿರದ ಅಂಕ ಬಂತು. ಯಾರೋ ತನ್ನ ಸೈಟ್ ಮುಟ್ಟಿದ್ದರು ಎಂದು ಅವರು ನಂತರ ಹೇಳಿದ್ದಾರೆ. ಬೆರಳಿಗೆ ತಿರುಗುವ ಸೈಟ್ ಆದ್ದರಿಂದಲೇ ಅದು ಹಾಗೆ ಕೆಡಲು ಸಾಧ್ಯ. ಬೆರಳಿಗೆ ತಿರುಗುವ ಸೈಟ್ ಆದ್ದರಿಂದಲೇ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸಲೂ ಸಾಧ್ಯವಾಯಿತು. ಕೊನೆಯ ಗುಂಡಿಗೆ 10.8 ಬಂತು, ಒಟ್ಟು 700.5, ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಒಲಿಂಪಿಕ್ ಚಿನ್ನ. ನನ್ನನ್ನು ಯೋಚನೆಗೆ ಹಚ್ಚಿದ್ದು ಚಿನ್ನವಲ್ಲ. ಅಷ್ಟು ಕೆಟ್ಟ ಅಂಕ ನೋಡಿದಾಗ ಅವರು 'ನಾನೇ ಹೆದರಿದೆ' ಎಂದುಕೊಳ್ಳಲಿಲ್ಲ. ತನ್ನ ಗುಂಪು ಎಲ್ಲಿ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ನನಗೆ ಗೊತ್ತಿರಲಿಲ್ಲ. ಶಿಬಿರದ ಕೊನೆಯಲ್ಲಿ ತಂಡದ ಆಯ್ಕೆಗೆ ಫೈರಿಂಗ್ ಇತ್ತು. ಅಷ್ಟರಲ್ಲಿ ನಾನು ಟೆಂಟಿನಲ್ಲಿ ಪೊರಕೆ ಕೋಲು ಹಿಡಿದು, ಅದರ ಮೇಲೆ ನಾಣ್ಯ ಇಟ್ಟುಕೊಂಡು ಅಭ್ಯಾಸ ಮಾಡಿ, ನಾಣ್ಯ ಬೀಳಿಸದಿರಲು ಕಲಿತಿದ್ದೆ. ಆ ದಿನ ಕೈಗೆ ಬಂದದ್ದು ಬೇರೆ ರೈಫಲ್. ಐದು ಗುಂಡು ಹಾರಿಸಿದೆ. ಹಾಳೆ ಬಂತು. ಗುಂಪು ಒತ್ತಾಗಿತ್ತು, ನಾನು ಅಲ್ಲಿಯವರೆಗೆ ಹಾರಿಸಿದ್ದರಲ್ಲೇ ಒಳ್ಳೆಯದು. ಆದರೆ ನಡುವಿನಿಂದ 4 ಸೆಂ.ಮೀ. ಬಲಕ್ಕೆ. ಗುಂಪು ಒತ್ತಾಗಿದ್ದು ದೂರ ಬಿದ್ದರೆ ಸೈಟ್ ನೋಡಬೇಕು ಎಂಬ ನಿಯಮ ನನಗೆ ಆಗಲೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮೊದಲ ದಿನ ನಕ್ಕದ್ದು ಕಿವಿಯಲ್ಲೇ ಇತ್ತು. ಮತ್ತೆ ರೈಫಲ್ ಮೇಲೆ ಹೇಳಿದರೆ ಏನಂದುಕೊಳ್ಳುತ್ತಾರೋ ಎಂದು ಹಾಳೆ ಮಡಚಿ ಕೊಟ್ಟುಬಿಟ್ಟೆ. ಅಂಕ ಎಣಿಸಿದರು, ನನ್ನ ಹೆಸರು ಬರಲಿಲ್ಲ. ನನ್ನ ನಂತರ ಅದೇ ರೈಫಲ್ ಹಿಡಿದ ಇಬ್ಬರ ಗುಂಡುಗಳೂ ಬಲಕ್ಕೆ ಹೋದವು. ಆಗ ಉಸ್ತಾದ್ ಎತ್ತಿ ನೋಡಿದರು. ಎಲ್ಲೋ ಬಡಿದು ಫೋರ್‌ಸೈಟ್ ಎಡಕ್ಕೆ ಸರಿದಿತ್ತು. ಆ ರೈಫಲ್ಲನ್ನು ಪಕ್ಕಕ್ಕಿಟ್ಟರು. ಪಟ್ಟಿ ಆಗಲೇ ಹೋಗಿತ್ತು. "ನೀನು ಯಾಕೆ ಹೇಳಲಿಲ್ಲ?" ಎಂದು ಉಸ್ತಾದ್ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ನಮ್ಮಂಥವರಿಗೆ ಬೆರಳಿಗೆ ತಿರುಗುವ ಸೈಟ್ ಇದ್ದಿದ್ದರೆ ಒಳ್ಳೆಯದಿತ್ತೇ? ಇಲ್ಲ ಎಂದೇ ನನ್ನ ಅಭಿಪ್ರಾಯ. ಒಂದು ರೈಫಲ್ ದಿನಕ್ಕೆ ಎಷ್ಟೋ ಕೆಡೆಟ್‌ಗಳ ಕೈ ದಾಟುತ್ತದೆ. ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ತಿರುಗಿಸುತ್ತಾ ಹೋದರೆ ಹತ್ತನೆಯವಳಿಗೆ ಸಿಗುವುದು ಒಂಬತ್ತು ಜನರ ಭಯದ ಮೊತ್ತ. ಸಲಕರಣೆ ಇಲ್ಲದೆ ಅಲುಗದ ಸೈಟ್, ಅದನ್ನು ಸರಿಸಲು ಒಬ್ಬ ಜವಾಬ್ದಾರರು, ಪ್ರತಿ ರೈಫಲ್‌ನ ನಂಬರ್ ಎದುರು ಅದರ ಗುಂಪು ಎಲ್ಲಿ ಬೀಳುತ್ತದೆ ಎಂದು ಬರೆದಿಡುವ ಒಂದು ಪುಸ್ತಕ. ನಮಗೆ ಇಷ್ಟು ಸಾಕು. ಸ್ವಂತ ರೈಫಲ್, ಗೊತ್ತಿರುವ ದೂರ, ಅಭ್ಯಾಸದ ಗುಂಡುಗಳು ಇರುವ ಸ್ಪರ್ಧಿಗಳಿಗೆ ತಿರುಗುವ ಸೈಟ್ ಇಲ್ಲದೆ ಆಗುವುದಿಲ್ಲ.

ಮನೆಗೆ ಬಂದ ರಾತ್ರಿ ಲೆಕ್ಕ ಹಾಕಿದೆ. 4 ಸೆಂ.ಮೀ. ಎಂದರೆ 40 ಮಿ.ಮೀ. ಐವತ್ತರಿಂದ ಭಾಗಿಸಿದರೆ 0.8 ಮಿ.ಮೀ. ಅಬ್ಬಾನ ಎಟಿಎಂ ಕಾರ್ಡ್ ತೆಗೆದು ಸ್ಕೇಲ್ ಪಕ್ಕ ಇಟ್ಟು ನೋಡಿದೆ. ಹೆಚ್ಚು ಕಡಿಮೆ ಅದರ ದಪ್ಪ. ಈ ವರ್ಷದ ಶಿಬಿರಕ್ಕೆ ಒಂದು ಸಣ್ಣ ನೋಟ್‌ಬುಕ್ ಕೊಂಡಿದ್ದೇನೆ. ಮೊದಲ ಪುಟದಲ್ಲಿ ಆ ರೈಫಲ್‌ನ ನಂಬರ್ ಬರೆದು, ಎದುರಿಗೆ 'ಬಲಕ್ಕೆ 4' ಎಂದು ಹಾಕಿದ್ದೇನೆ.